ಬಾಗಿಲು ಕಾಯುವ ಲಕ್ಷ್ಮಿ

ಬೇರೆಯವರ ಮನೆಗೆ ಹೋದಾಗ ಕಾಫಿ ಬರುವವರೆಗೆ ಗೋಡೆ ನೋಡುತ್ತಾ ಕೂರುವುದು ನನಗೊಂದು ಚಾಳಿ. ಮನೆಯವರು ಹೇಳಿಕೊಳ್ಳದ ಸಂಗತಿಯನ್ನು ಗೋಡೆ ಹೇಳಿಬಿಡುತ್ತದೆ. ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯ ಮಲಯಾಳದ ಮರದ ವ್ಯಾಪಾರಿ ತನ್ನೂರಿನ ಹಿತ್ತಾಳೆಯ ತೂಗುದೀಪವನ್ನು ಎಣ್ಣೆ ಬತ್ತಿ ಹಾಕದೆ ಬರಿದೇ ತೂಗುಹಾಕಿದ್ದಾನೆ. ಯಾಕೆಂದು ಕೇಳಿದರೆ ನಗುತ್ತಾನೆ. ಆಮೇಲೆ ಎದ್ದು ಅದರ ಧೂಳು ಒರೆಸುತ್ತಾನೆ. ಊರು ಬಿಟ್ಟವರ ಮನೆಯಲ್ಲಿ ಇಂಥದೊಂದು ವಸ್ತು ಇದ್ದೇ ಇರುತ್ತದೆ.

ಕನ್ನಂಬಾಡಿ ಕಟ್ಟೆಯ ನೀರು ಹಿಂದಕ್ಕೆ ಹಬ್ಬಿದಾಗ ನಮ್ಮ ಚಿಕ್ಕಮ್ಮನ ಗಂಡನ ಊರು ಮುಳುಗಿತು. ಅವರೆಲ್ಲ ಹೊಸದಾಗಿ ಕಟ್ಟಿದ ಕೃಷ್ಣರಾಜನಗರಕ್ಕೆ ಬಂದರು. ನೇರ ಬೀದಿ, ಎತ್ತರದ ಬಾಗಿಲು, ಗಾಳಿ ಬೆಳಕು, ಯಾವುದಕ್ಕೂ ಕೊರತೆಯಿರಲಿಲ್ಲ. ಹಳೆಯ ಮನೆಯ ಬಾಗಿಲ ಮೇಲಿದ್ದ ಕೆತ್ತನೆಯ ಹಲಗೆಯನ್ನು ಚಿಕ್ಕಪ್ಪ ಕಳಚಿ ಗಾಡಿಯಲ್ಲಿ ಹೇರಿಕೊಂಡು ತಂದಿದ್ದ. ಹಲಸಿನ ಮರದ್ದು; ನಡುವೆ ಲಕ್ಷ್ಮಿ, ಆಚೀಚೆ ನೀರೆರೆಯುವ ಆನೆಗಳು. ಶಿಲ್ಪ ಬಲ್ಲವರು ಬಾಗಿಲ ಮೇಲಿನ ಈ ಜಾಗವನ್ನು ಲಲಾಟ ಎನ್ನುತ್ತಾರೆ. ಮನೆಗೂ ಒಂದು ಹಣೆಯುಂಟೆಂದು ಕಂಡವರು ದೊಡ್ಡವರೇ ಸರಿ.

ಹೊಸ ಬಾಗಿಲಿಗೆ ಹಲಗೆ ಕೂರಲಿಲ್ಲ. ಚಿಕ್ಕಪ್ಪ ಅದಕ್ಕೆ ಎಣ್ಣೆ ಹಚ್ಚಿ, ನಡುಮನೆಯಲ್ಲಿ ಮಹಾರಾಜರ ಪಟದ ಪಕ್ಕ ಮೊಳೆ ಹೊಡೆದು ನಿಲ್ಲಿಸಿದ. ಏಣಿ ಹಿಡಿದವನು ನಾನು. ಮೈಸೂರಿನಲ್ಲಿ ಚಿತ್ರಶಾಲೆ ನೋಡಿಬಂದ ಗತ್ತಿನಲ್ಲಿ “ಇನ್ನೂ ಸ್ವಲ್ಪ ಮೇಲಕ್ಕೆ” ಎಂದು ಸಲಹೆಯನ್ನೂ ಕೊಟ್ಟೆ.

ಚಿಕ್ಕಪ್ಪನ ತಾಯಿ ಕೆಂಪಮ್ಮಜ್ಜಿಗೆ ಕಣ್ಣು ಮಂಜಾಗಿತ್ತು. ಹಳೆಯ ಮನೆಯ ಬಾಗಿಲು ಗಿಡ್ಡ. ಒಳಗೆ ಕಾಲಿಡುವಾಗಲೆಲ್ಲ ಅಜ್ಜಿ ಕೈಯೆತ್ತಿ ಲಕ್ಷ್ಮಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಹೊಸ ಮನೆಯ ಹೊಸಿಲಲ್ಲೂ ಕೈಯೆತ್ತಿದಳು. ಕೈಗೆ ಏನೂ ಸಿಗಲಿಲ್ಲ. ಹಿಂದಕ್ಕೆ ಸರಿದು ಜಗಲಿಯ ಮೇಲೆ ಕುಳಿತುಬಿಟ್ಟಳು.

“ಯಾರ ಮನೆಗ್ಲಾ ಕರ್ಕಂಡ್ ಬಂದಿದ್ದೀಯ ನನ್ನ?”

“ನಮ್ದೇ ಕಣವ್ವಾ,” ಎಂದ ಚಿಕ್ಕಪ್ಪ. “ಲಕ್ಸ್ಮವ್ವ ಒಳ್ಗೇ ಅವ್ಳೆ, ಗ್ವಾಡೆ ಮ್ಯಾಲೆ.”

“ಗ್ವಾಡೆ ಮ್ಯಾಲೆ ಏನ್ಲಾ ಕೆಲ್ಸ ಅವ್ಳಿಗೆ? ಬಾಕ್ಲು ಕಾಯೋಳು ಕಣ್ಲಾ ಅವ್ಳು.”

ಊರಿನ ನೆನಪು ಕಣ್ಣಲ್ಲಿರುತ್ತದೆಂದು ನಾವೆಲ್ಲ ತಿಳಿದಿದ್ದೆವು. ಅಜ್ಜಿಯದು ಅಂಗೈಯಲ್ಲಿತ್ತು. ಎಷ್ಟು ಕರೆದರೂ ಅವಳು ಒಳಗೆ ಬರಲಿಲ್ಲ. ಜಗಲಿಯಲ್ಲೇ ಮಲಗಿದಳು. ಕೊಟ್ಟ ಮುದ್ದೆಯನ್ನು ನೆಂಟರ ಮನೆಯಲ್ಲಿ ಉಣ್ಣುವವಳಂತೆ ಸಂಕೋಚದಿಂದ ಒಂದಿಷ್ಟು ಮುರಿದು ತಟ್ಟೆ ಸರಿಸುತ್ತಿದ್ದಳು. ದಿನದಿಂದ ದಿನಕ್ಕೆ ಸೊರಗಿದಳು, ಮಾತೂ ಕಡಿಮೆಯಾಯಿತು. ಹೀಗೇ ಬಿಟ್ಟರೆ ಅಜ್ಜಿ ಉಳಿಯುವುದಿಲ್ಲವೆಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಕೊನೆಗೆ ಚಿಕ್ಕಪ್ಪ ಬಡಗಿಯನ್ನು ಕರೆಸಿ, ಅಷ್ಟು ಎತ್ತರದ ಚೆಂದದ ಬಾಗಿಲಿಗೆ ಅಡ್ಡಪಟ್ಟಿ ಹೊಡೆಸಿ, ಹಲಗೆಯನ್ನು ಅಜ್ಜಿಯ ಕೈಗೆಟುಕುವಷ್ಟು ಕೆಳಗೆ ಕೂರಿಸಿದ. ಬೀದಿಯವರು ನಕ್ಕರು.

ಚಿಕ್ಕಮ್ಮ ಕೈಹಿಡಿದು ಎಬ್ಬಿಸಿದಳು. ಅಜ್ಜಿ ಹೊಸಿಲಲ್ಲಿ ನಿಂತು ಕೈಯೆತ್ತಿದಳು. ಬೆರಳು ಆನೆಯ ಸೊಂಡಿಲು ಸವರಿತು, ಪಾದ ಹುಡುಕಿತು, ಕಣ್ಣಿಗೆ ಬಂತು. ತಲೆ ತಗ್ಗಿಸಿ ಒಳಗೆ ಹೋದವಳು ಅಡುಗೆಮನೆಯ ಕಡೆ ತಿರುಗಿ ಮೂಗರಳಿಸಿದಳು.

“ಸಾರು ಸೀಯ್ತಾ ಅದೆ ಕಣೇ! ಎಲ್ಲಿಟ್ಟಿದ್ದೀಯೇ ಗ್ಯಾನವ?”

ಚಿಕ್ಕಮ್ಮ ಸಾರಿನ ಕಡೆ ಓಡಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಅತ್ತುಬಿಟ್ಟಳು. ಅತ್ತೆಯಿಂದ ಬೈಸಿಕೊಂಡು ಅಷ್ಟು ಸಂತೋಷಪಟ್ಟ ಸೊಸೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ.