ಸಿಹಾಮಳ ಅಕ್ಕ ಪರದೇಶದವಳು

ಅಮೆರಿಕದ ಡಿಯರ್‌ಬಾರ್ನಿನ ಸಿಹಾಮ್ ಫರ್ಹಾತ್ ಯುದ್ಧದ ಟ್ಯಾಂಕುಗಳ ನಕ್ಷೆ ತಯಾರಿಸುವ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಹುಟ್ಟಿದ್ದು ಲೆಬನಾನಿನ ನಬತಿಯೆಯಲ್ಲಿ. ಅಮೆರಿಕದ ಪ್ರಜೆಯಾದ ಮೇಲೂ ಲೆಬನಾನಿನ ಪೌರತ್ವವನ್ನು ಬಿಟ್ಟಿರಲಿಲ್ಲ. ಅಮ್ಮ ತೀರಿಕೊಂಡಾಗ ಆ ದೇಶದ ಪಾಸ್‌ಪೋರ್ಟ್ ಹಿಡಿದೇ ಬೇರೂತಿನಲ್ಲಿ ಇಳಿದಿದ್ದಳು.

ಗುಟ್ಟಿನ ನಕ್ಷೆಗಳ ವಿಭಾಗಕ್ಕೆ ಬಡ್ತಿ ಸಿಕ್ಕಿದಾಗ ಸರ್ಕಾರದ ಭದ್ರತಾ ಅನುಮತಿ ಬೇಕಾಯಿತು. ಬಂದದ್ದು ಅನುಮತಿಯಲ್ಲ, ಆಕ್ಷೇಪಣೆ. ಎರಡು ದೇಶದ ಪೌರತ್ವ, ಊರಿನಲ್ಲಿ ಒಡಹುಟ್ಟಿದ ಅಕ್ಕ ವಫಾ, ಅವಳೊಡನೆ ವಾರವಾರವೂ ಮಾತು. ಅಕ್ಕನನ್ನು ಯಾರಾದರೂ ಹಿಡಿದು ಹೆದರಿಸಿದರೆ ಈಕೆ ಬಾಯಿ ಬಿಟ್ಟಾಳೆಂಬ ಅನುಮಾನ.

ಅವಳ ವಕೀಲ ಡೊನೆಲಿ ಹೇಳಿದ: "ಪಾಸ್‌ಪೋರ್ಟ್ ಕಂಪನಿಗೆ ಒಪ್ಪಿಸಿಬಿಡಿ. ವಿಚಾರಣೆ ಮುಗಿಯೋವರೆಗೂ ಫೋನೂ ಸ್ವಲ್ಪ ಕಮ್ಮಿ ಮಾಡಿ."

ಪಾಸ್‌ಪೋರ್ಟ್ ಕೊಡುವುದು ಸುಲಭವಾಯಿತು. ಫೋನು ಹಾಗಲ್ಲ. ಅದು ಬಡಿದುಕೊಳ್ಳುತ್ತಿದ್ದರೆ ಸಿಹಾಮ್ ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆಯುತ್ತ ನಿಲ್ಲುತ್ತಿದ್ದಳು.

"ಎತ್ತೇ ಮಾರಾಯ್ತಿ! ನಿಮ್ಮಕ್ಕ ಕಣೇ ಅದು, ಗೂಢಚಾರಿಣಿ ಅಲ್ಲ," ಎಂದು ಬೇಕರಿ ನಡೆಸುವ ಗಂಡ ಮುನೀರ್ ರೇಗುತ್ತಿದ್ದ.

"ನಿಮಗೇನು, ಬ್ರೆಡ್ ಸುಡೋಕೆ ಯಾರ ಅನುಮತೀನೂ ಬೇಡ!"

ಒಂದು ದಿನ ವಫಾಳ ದನಿ ಮೆಸೇಜಿನಲ್ಲಿ ಬಂತು. "ನಾನೇನೇ ತಪ್ಪು ಮಾಡ್ದೆ, ಬಂಗಾರ? ದುಡ್ಡು ಕೇಳ್ತೀನಿ ಅಂದ್ಕೊಂಡ್ಯಾ?" ಸಿಹಾಮಳಿಗೆ ಆ ದಿನ ಊಟ ಸೇರಲಿಲ್ಲ. ಕೂತಲ್ಲಿ ಕೂರದೆ, ಮನೆಯೊಳಗೇ ಶತಪಥ ಹಾಕಿದಳು.

ವಿಚಾರಣೆಯಲ್ಲಿ ನ್ಯಾಯಾಧೀಶೆಯ ಎದುರು ಸರ್ಕಾರಿ ವಕೀಲ ನೇರವಾಗಿ ಫೋನಿನ ವಿಷಯಕ್ಕೇ ಬಂದ.

"ಮೊದಲು ವಾರವಾರ ಮಾತಾಡ್ತಿದ್ರಿ. ಈಗ ಇಲ್ಲವೇ ಇಲ್ಲ. ಅಕ್ಕನ ಮೇಲೆ ಪ್ರೀತಿ ಕಮ್ಮಿ ಆಯ್ತಾ?"

ಹೂಂ ಅನ್ನಬಹುದಿತ್ತು. ಡೊನೆಲಿ ಉಸಿರು ಬಿಗಿಹಿಡಿದು ಕೂತಿದ್ದ. ಸಿಹಾಮ್ ಸರ್ಕಾರಿ ವಕೀಲನತ್ತ ತಿರುಗಿದಳು.

"ಇಲ್ಲ ಸರ್. ನಿಮಗೆ ಹೆದರಿ ನಿಲ್ಲಿಸ್ದೆ. ಅಮ್ಮ ಹೊಲದ ಕೆಲಸಕ್ಕೆ ಹೋದಾಗ ನನ್ನನ್ನ ಎತ್ತಿ ಆಡಿಸಿದೋಳು ಅವಳು. ಪ್ರೀತಿ ಇದೆ, ಬರ್ಕೊಳ್ಳಿ."

"ಅವರನ್ನ ಹಿಡ್ಕೊಂಡು ನಿಮ್ಮನ್ನ ಬೆದರಿಸಿದ್ರೆ?"

"ಅಳ್ತೀನಿ. ಅಳ್ತಾನೇ ಬಂದು ನಿಮ್ಮ ಅಧಿಕಾರಿಗೆ ಹೇಳ್ತೀನಿ. ನಕ್ಷೆ ಮಾತ್ರ ಕೊಡಲ್ಲ. ನನ್ನ ಮಕ್ಕಳು ಇರೋದು ಈ ದೇಶದಲ್ಲಿ."

ಚಳಿಗಾಲ ಪೂರ್ತಿ ಕಾದ ಮೇಲೆ ತೀರ್ಪು ಬಂತು. ಆಕೆಯ ಮಾತನ್ನು ನಂಬಿದ ನ್ಯಾಯಾಧೀಶೆ ಅನುಮತಿ ಕೊಟ್ಟಿದ್ದರು.

ಕೋಟು ಬಿಚ್ಚುವ ಮೊದಲೇ ಸಿಹಾಮ್ ಊರಿಗೆ ಫೋನು ಮಾಡಿದಳು. ವಫಾ ತುಸು ಹೊತ್ತು ಬಿಗುಮಾನ ತೋರಿದಳು. "ಯಾರು ಬೇಕಿತ್ತಮ್ಮ? ಇಲ್ಲಿ ನಿಮ್ಮ ಕಡೆಯೋರು ಯಾರೂ ಇಲ್ವಲ್ಲ!" ಆಮೇಲೆ ಇಬ್ಬರೂ ಅತ್ತರು. ಕಣ್ಣೊರೆಸಿಕೊಂಡು ವಫಾ ಸಂಭ್ರಮದಿಂದ ಹೇಳಿದಳು: "ಸಿಹಿ ತಿನ್ನೇ! ನಮ್ಮ ಜಾದ್ ಸೈನ್ಯಕ್ಕೆ ಆಯ್ಕೆಯಾದ. ಇನ್ನು ಆಫೀಸರ್ ಆಗ್ತಾನೆ."

ಸಿಹಾಮಳಿಗೆ ಮತ್ತೆ ಅದೇ ಆಕ್ಷೇಪಣೆ ನೆನಪಾಯಿತು. ಪರದೇಶದ ಸೈನ್ಯದಲ್ಲಿ ಅಕ್ಕನ ಮಗ. ಅನುಮತಿ ಇದ್ದವರು ಇಂಥದ್ದನ್ನು ಬಚ್ಚಿಡುವಂತಿಲ್ಲ. "ಒಳ್ಳೇದಾಯ್ತಕ್ಕ, ಅವನಿಗೆ ನನ್ನ ಮುತ್ತು ಕೊಡು," ಎಂದಳು.

ಮರುದಿನ ಬೆಳಿಗ್ಗೆ ಕಂಪನಿಯ ಭದ್ರತಾ ಅಧಿಕಾರಿಗೆ ತಾನಾಗಿಯೇ ಹೇಳಿದಳು. ಆತ ಹಣೆ ಉಜ್ಜಿಕೊಂಡ. "ಹೇಳಿದ್ದು ಒಳ್ಳೇದಾಯ್ತು. ಮೇಲಿನೋರಿಗೆ ತಿಳಿಸ್ತೀನಿ. ಅನುಮತಿ ಉಳಿಸ್ತಾರೋ ವಾಪಸ್ ತಗೋತಾರೋ ನೋಡೋಣ."

"ಎಷ್ಟು ದಿನ ಆಗತ್ತೆ?"

"ಅದು ನನ್ನ ಕೈಲಿಲ್ಲಮ್ಮ."

ಸಿಹಾಮ್ ಅಂದೇ ಸಿಕ್ಕಿದ ಹೊಸ ವಿಭಾಗದ ತನ್ನ ಕುರ್ಚಿಗೆ ಬಂದು ನಕ್ಷೆ ತೆರೆದಳು. ಒಂದು ಗೆರೆಯೂ ಕಣ್ಣಿಗೆ ನಿಲ್ಲಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದಳು; ಕೂತು, ಮತ್ತೆ ಎದ್ದಳು.