ಸಿದ್ದಾಪುರದ ತರಗತಿಯಲ್ಲಿ ನಡೆದದ್ದು

ಹಳೆಯ ಟ್ರಂಕಿನ ತಳದಲ್ಲಿ ವರದಿಯೊಂದರ ಕಾರ್ಬನ್ ನಕಲು ಸಿಕ್ಕಿತು. ಮೂಸಿದೆ. ಅರವತ್ತರ ದಶಕದ ಶಿರಸಿ, ಶಿಕ್ಷಕರ ತರಬೇತಿ ಶಾಲೆ, ಅಲ್ಲಿ ನಮಗೆ ಮನಃಶಾಸ್ತ್ರ ಕಲಿಸುತ್ತಿದ್ದ ಮಾಸ್ತರರು... ಎಲ್ಲವೂ ಆ ವಾಸನೆಯ ಬೆನ್ನಿಗೇ ಬಂದವು.

ಪಾಠ ಹೆಚ್ಚು ನೆನಪಿರುವುದು ಗಟ್ಟಿಯಾಗಿ ಓದಿದ ಮಕ್ಕಳಿಗೋ, ಮನಸ್ಸಿನಲ್ಲೇ ಓದಿದವರಿಗೋ? ಲೋಕಕಲ್ಯಾಣಾರ್ಥವಾದ ಈ ಪ್ರಶ್ನೆಯನ್ನು ಬಗೆಹರಿಸಲು ಮಾಸ್ತರರು ನಮ್ಮಲ್ಲಿ ಮೂವರನ್ನು ಮೂರು ಊರಿನ ಶಾಲೆಗಳಿಗೆ ಅಟ್ಟಿದರು. ನನ್ನ ಪಾಲಿಗೆ ಸಿದ್ದಾಪುರ. ಮೂರೂ ಊರಿನ ಲೆಕ್ಕ ಕೂಡಿಸಿದಾಗ ಗಟ್ಟಿ ಓದು ಭರ್ಜರಿಯಾಗಿ ಗೆದ್ದಿತು. ಧಾರವಾಡದ ಶಿಕ್ಷಣ ಇಲಾಖೆಯ ಸಾಹೇಬರು ವರದಿ ಮೆಚ್ಚಿದರೆ ಮಾಸ್ತರರ ಹಂಗಾಮಿ ನೌಕರಿ ಕಾಯಂ ಆಗುವುದಿತ್ತು.

ಸಾಹೇಬರು ಬರುವ ದಿನ ಬೆಳಿಗ್ಗೆಯೇ ಮಾಸ್ತರರು ನನ್ನನ್ನು ಕರೆಸಿದರು.

"ಉಳಿದೆರಡು ಊರಲ್ಲಿ ಇಲ್ಲದ್ದು ಸಿದ್ದಾಪುರದಲ್ಲಿ ಹೇಂಗೆ ಬಂತಾ? ಬಾಗಿಲು ತೆಗೆದಲ್ಲಿಂದ ಹೇಳು."

ಹೇಳಿದೆ. ಪಾಠ ಒಪ್ಪಿಸಲು ಮನಸ್ಸಿನಲ್ಲಿ ಓದಿದವರ ಸರದಿ ಮೊದಲು. ಅವರು ತಡವರಿಸುವುದನ್ನು ನೋಡಿ ನನ್ನೊಳಗಿನ ಭಾವೀ ಶಿಕ್ಷಕನಿಗೆ ಕರುಣೆ ಉಕ್ಕಿತ್ತು. ಗಟ್ಟಿ ಓದಿದವರ ಸರದಿ ಬಂದಾಗ, ನಿಂತುಹೋದ ಮಕ್ಕಳಿಗೆಲ್ಲ ಶಬ್ದದ ಮೊದಲಕ್ಷರ ಹೇಳಿಕೊಟ್ಟಿದ್ದೆ. ಮಗ್ಗಿ ಒಪ್ಪಿಸುವಾಗ ನಾವೆಲ್ಲ ಮಾಡುವ ಹಾಗೆ.

ಮಾಸ್ತರರು ಕಾಗದ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ರಸ್ತೆಯಲ್ಲಿ ಯಾವ ಜೀಪು ಸದ್ದು ಮಾಡಿದರೂ ಸಾಹೇಬರೇ ಬಂದರೆಂದು ನಾನು ಬಾಗಿಲತ್ತ ನೋಡುತ್ತಿದ್ದೆ.

"ಬರಿಯಡಿ ಮಾಸ್ತರ್ರೆ. ಯಾರಿಗೂ ಗೊತ್ತಿಲ್ಲೆ," ಎಂದೆ.

"ಯಂಗೆ ಗೊತ್ತಾತಲ ಮಾರಾಯ," ಎಂದು ಮಾಸ್ತರರು ತಮ್ಮ ಎದೆ ಮುಟ್ಟಿ ತೋರಿಸಿದರು.

ಕಾರ್ಬನ್ ಇಟ್ಟು, ನಡೆದದ್ದನ್ನು ಇನ್ನೊಂದು ಪುಟದಲ್ಲಿ ಬರೆದು ವರದಿಗೆ ಸೇರಿಸಿದರು.

ಮಧ್ಯಾಹ್ನ ಸಾಹೇಬರು ಆ ಪುಟದ ಮೇಲೆ ಬೆರಳಿಟ್ಟರು. "ವರದಿ ಭಾಳ ಚಲೋ ಐತ್ರಿ ಮಾಸ್ತರ. ಇದೊಂದು ಪುಟ ತಗದ್ಹಾಕ್ರಿ."

"ತೆಗೆದ್ರೆ, ನಾಳೆ ಮತ್ತೊಬ್ಬರು ಇದನ್ನೇ ಮಾಡಿ ನೋಡಿದಾಗ ಬೇರೆ ಉತ್ತರ ಬರ್ತದೆ ಸಾಹೇಬರೆ. ಆಗ ಅವರು ತಮ್ಮದೇ ಶಾಲೆ ಮಕ್ಕಳು ದಡ್ಡರು ಅಂದ್ಕೊಳ್ತಾರೆ."

"ಹಂಗಾರ ನೀವು ಕಂಡುಹಿಡದದ್ದಾದ್ರೂ ಏನು?"

"ಸದ್ಯಕ್ಕೆ ಏನೂ ಇಲ್ಲ."

ಸಾಹೇಬರು ಫೈಲು ಮುಚ್ಚಿ ಚಹಾ ಕೇಳಿದರು. ಬಾಗಿಲ ಬಳಿ ನಿಂತಿದ್ದ ನಾನೇ ತಂದುಕೊಟ್ಟೆ.

ಜೂನ್‌ನಲ್ಲಿ ಶಾಲೆ ಶುರುವಾದಾಗ ಮಾಸ್ತರರ ಕುರ್ಚಿಯಲ್ಲಿ ಬೇರೆಯವರಿದ್ದರು. ನಮ್ಮ ಮಾಸ್ತರರು ಯಲ್ಲಾಪುರದ ಕಡೆ ಮನೆಪಾಠ ಹೇಳುತ್ತಾರೆಂದು ಕೇಳಿದೆ... ನೋಡಲು ಹೋಗಲಿಲ್ಲ. ಹೊರಡುವ ಮೊದಲು ಅವರು ನನಗೆ ಕೊಟ್ಟಿದ್ದ ಈ ನಕಲನ್ನು ಓದುವ ಧೈರ್ಯವೂ ಆಗಿರಲಿಲ್ಲ. ನಾನು ಮಾತ್ರ ಕಾಯಂ ಆಗಿ, ಸಕಲ ಮರ್ಯಾದೆಗಳೊಂದಿಗೆ ನಿವೃತ್ತನೂ ಆದೆ.

ಆ ಪುಟವನ್ನು ಇವತ್ತು ಓದಿದೆ. ನನ್ನ ಹೆಸರಿಲ್ಲ. "ಪರೀಕ್ಷಕರೊಬ್ಬರು ಮೊದಲಕ್ಷರ ಹೇಳಿಕೊಟ್ಟರು. ಹಾಗೆ ಮಾಡಬಾರದೆಂದು ಮುಂಚೆಯೇ ತಿಳಿಸದಿದ್ದುದು ನನ್ನ ಲೋಪ," ಎಂದಿದೆ.

ಇಡೀ ವರದಿಯಲ್ಲಿ ಸುಳ್ಳು ಅದೊಂದೇ. ತಿಳಿಸಿದ್ದರು, ಎರಡು ಸಲ. ತಿದ್ದಿಸೋಣವೆಂದರೆ ಅವರು ಈಗಿಲ್ಲ.