ಕತ್ತರಿ ಕಾಣದ ಜಾಕೀಟು

ನಮ್ಮ ಬನಹಟ್ಟಿಯ ಓಣಿಯಲ್ಲಿ ದಾನಮ್ಮ ಇಪ್ಪತ್ತೆರಡು ವರ್ಷಗಳಿಂದ ಬ್ಲೌಸು ಹೊಲಿಯುತ್ತಿದ್ದಾರೆ. ಊರಿನ ಅರ್ಧ ಹೆಂಗಸರ ಅಳತೆ ಅವರಿಗೆ ಬಾಯಿಪಾಠ. ಯಾರು ಮೈ ತುಂಬಿಕೊಂಡರು, ಯಾರು ಇಳಿದರು ಎಂಬುದು ಡಾಕ್ಟರಿಗಿಂತ ಮೊದಲು ಅವರಿಗೆ ತಿಳಿಯುತ್ತದೆ. ಆದರೆ ಬಾಯಿ ಬಿಡುವವರಲ್ಲ. ಅವರು ಬಿಡುವುದು ಹೊಲಿಗೆಯನ್ನು ಮಾತ್ರ.

ಅವರಿಗಿದ್ದ ಆಸೆ ಒಂದೇ: ಒಂದು ಕೋಟೋ ಜಾಕೀಟೋ ಹೊಲಿಯಬೇಕು. ಆ ಕೆಲಸವೆಲ್ಲ ಬಜಾರದ ದುಂಡೇಶನ ಅಂಗಡಿಗೇ ಹೋಗುತ್ತಿತ್ತು. "ಬ್ಲೌಸಿನ ಕೈ ಕೋಟಿಗೆ ಹತ್ತಂಗಿಲ್ರೀ ಅಕ್ಕಾರ. ಕೋಟು ಅಂದ್ರ ಭುಜ," ಎಂದು ಅವನೊಮ್ಮೆ ಅಂದದ್ದು ದಾನಮ್ಮನವರ ಎದೆಯಲ್ಲಿ ಗುಂಡುಪಿನ್ನಿನಂತೆ ಉಳಿದಿತ್ತು.

ಕಳೆದ ಚಳಿಗಾಲದ ಒಂದು ಶನಿವಾರ ಸಂಜೆ ಸ್ನೇಹಾ ಬಂದಳು. ನಮ್ಮ ಓಣಿಯವಳೇ, ಮುಧೋಳದ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಚೀಲದಿಂದ ಅವಳು ತೆಗೆದದ್ದು ಎಪ್ಪತ್ತು ವರ್ಷ ಹಳೆಯ ಜಪಾನಿನ ಕಿಮೋನೊ, ಪಾದ ಮುಟ್ಟುವ ನಿಲುವಂಗಿ. ಹಳೆ ಬಟ್ಟೆ ಮಾರುವವರಿಂದ ಮೊಬೈಲಿನಲ್ಲೇ ತರಿಸಿದ್ದಳಂತೆ. ಕಡು ನೀಲಿ, ಅದರ ಮೇಲೆ ಬಾಣದ ಗರಿಯಂಥ ಬಿಳಿ ಗುರುತು.

"ಇದನ್ನ ಜಾಕೀಟು ಮಾಡ್ರಿ ಅಕ್ಕಾರ. ಸೋಮವಾರ ಕಾಲೇಜಿನ ಫಂಕ್ಷನ್ನಿಗೆ ಹಾಕ್ಕೋಬೇಕು. ದುಂಡೇಶಣ್ಣ ನೋಡಿದ್ದ ತಡ, ಕತ್ರಿ ಎತ್ತಿದ. ನಾ ಕಸಕೊಂಡು ಓಡಿ ಬಂದೆ."

"ಕೊಡು," ಎಂದರು ದಾನಮ್ಮ. ಮಾತೇನೋ ಗಟ್ಟಿಯಿತ್ತು. ಇಂಥ ಬಟ್ಟೆ ಇನ್ನೊಂದು ಸಿಗುವುದಿಲ್ಲ. ಕೆಟ್ಟರೆ ಬಟ್ಟೆಯೂ ಹೋಯಿತು, ದುಂಡೇಶನ ಮಾತೂ ನಿಜವಾಯಿತು.

ಆ ಸಂಭ್ರಮದಲ್ಲಿ ಅವರು ತಿಥಿ ನೋಡಲಿಲ್ಲ. ನಮ್ಮ ನೇಕಾರರ ಓಣಿಯಲ್ಲಿ ಯಾರೂ ನೋಡುವುದಿಲ್ಲ. ಅಮಾವಾಸ್ಯೆಯನ್ನು ನಾವು ತಿಳಿಯುವುದು ಕಿವಿಯಿಂದ. ರವಿವಾರ ಬೆಳಗ್ಗೆ ದಾನಮ್ಮ ಕಣ್ಣು ಬಿಟ್ಟಾಗ ಒಂದು ಪಾವರ್‌ಲೂಮೂ ಸದ್ದು ಮಾಡುತ್ತಿರಲಿಲ್ಲ. ಬಡಿಯುತ್ತಿದ್ದದ್ದು ಅವರ ಎದೆ ಮಾತ್ರ. ಅವರ ಮನೆಯಲ್ಲಿ ಅಮಾವಾಸ್ಯೆಗೆ ಮಗ್ಗ ತುಳಿಯುವಂತಿಲ್ಲ, ಕತ್ತರಿ ಮುಟ್ಟುವಂತಿಲ್ಲ. ಅಂದು ಹೋಳಿಗೆ ಉಂಟು, ಹೊಲಿಗೆ ಇಲ್ಲ.

ಪಕ್ಕದ ಮನೆಯ ನಾನು ಹೋಳಿಗೆಗೆ ಬೆಲ್ಲ ಕಡ ಕೇಳಲು ಬಟ್ಟಲು ಹಿಡಿದು ಹೋದಾಗ ಪಡಸಾಲೆಯಲ್ಲಿ ವಾದ ನಡೆದಿತ್ತು. ದಾನಮ್ಮನವರ ಎದುರಿಗೆ ಅವರ ಮಾವ ಯಮನಪ್ಪ, ಐವತ್ತು ವರ್ಷ ಕೈಮಗ್ಗ ನೇಯ್ದವರು.

"ಮಾವಾರ, ಕತ್ರಿ ಬ್ಯಾಡ. ಮಷೀನರೆ ತುಳೀಲೇನ್ರಿ?"

"ಮಗ್ಗಾನೂ ಕಾಲಿಲೇನ ತುಳೀತೇವಿ. ಬ್ಯಾಡ."

"ಸೂಜಿ?"

ಯಮನಪ್ಪ ಮೇಲೆ ನೋಡಿದರು. "ಸೂಜಿದು ಹಿರ್ಯಾರು ಏನೂ ಹೇಳಿಲ್ಲ."

"ಬರೇ ಸೂಜಿ ತಗೊಂಡು ಏನ್ಮಾಡ್ಲಿ? ನಿಮ್ಮ ಧೋತ್ರಕ್ಕ ಗುಂಡಿ ಹಚ್ಲೇನು?"

"ತಾ ಇಲ್ಲೆ ಅದನ್ನ."

ಮುದುಕರು ಚಾಳೀಸು ಮೂಗಿಗೆ ಏರಿಸಿ ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಅವರ ದನಿಯೇ ಬದಲಾಯಿತು.

"ಇದು ಮ್ಯಾಲ ಛಾಪಿಸಿದ್ದಲ್ಲ ದಾನವ್ವ. ಉದ್ದಕ್ಕ ಹಾಸಿದ ಎಳೀನ ಮೊದ್ಲ ಬಿಗದ ಕಟ್ಟಿ ನೀಲ್ಯಾಗ ಅದ್ದ್ಯಾರ, ಆಮ್ಯಾಲೆ ನೇಯ್ದಾರ. ಗರಿ ಅಂಚು ಹೆಂಗ ಕದಲೈತಿ ನೋಡು, ಕಟ್ಟಿದ ಕೆಳಗ ಬಣ್ಣ ಚೂರು ಹೊಕ್ಕೈತಿ. ಮಗಾ ಭಾಳ ಶ್ಯಾಣ್ಯಾ ಅದಾನ." ಜಪಾನಿನ ನೇಕಾರ ಅವರಿಗೆ ಪಕ್ಕದ ಓಣಿಯವನಾಗಿಬಿಟ್ಟಿದ್ದ. ಗೇಣು ಹಾಕಿದರು. "ಅಗಲ ಬರೇ ಒಂದೂವರಿ ಗೇಣು. ಎರಡೂ ಕಡೆ ಮಗ್ಗದ ಅಂಚು ಹಂಗ ಐತಿ. ಉದ್ದಕ್ಕ ಎಲ್ಲೂ ಕತ್ರಿ ಆಡಿಲ್ಲ, ಪಟ್ಟಿಗೆ ಪಟ್ಟಿ ಕೂಡಿಸ್ಯಾರ."

ದಾನಮ್ಮ ಸೂಜಿಯ ಮೊನೆಯಿಂದ ಒಂದು ಹೊಲಿಗೆ ಎಬ್ಬಿಸಿ ದಾರ ಜಗ್ಗಿದರು. ಕೈಹೊಲಿಗೆ, ಸರ್ರನೆ ಪೂರ್ತಿ ಬಿಚ್ಚಿ ಬಂತು. ಗಳಿಗೆಯಲ್ಲಿ ನೆಲದ ತುಂಬ ನೀಲಿ ಪಟ್ಟಿಗಳು. ಮೈಯ ಪಟ್ಟಿ ಮುಂದೆ ಪಾದದಿಂದ ಹೆಗಲು ದಾಟಿ ಹಿಂದೆ ಪಾದದವರೆಗೆ ಒಂದೇ ತುಂಡು. ದುಂಡೇಶ ಹೆದರಿಸಿದ್ದ ಭುಜದಲ್ಲಿ ಹೊಲಿಗೆಯೇ ಇರಲಿಲ್ಲ.

ಉಳಿದದ್ದು ಉದ್ದ. ಕತ್ತರಿಸದೆ ಗಿಡ್ಡ ಮಾಡುವುದು ಹೇಗೆ?

"ನೀವು ಹಂಗ ನಿಂದರ್ರಿ," ಎಂದು ದಾನಮ್ಮ ಪಟ್ಟಿಗಳನ್ನು ನನ್ನ ಮೇಲೆ ಹೊದಿಸಿದರು. ಬೆಲ್ಲದ ಬಟ್ಟಲು ಹಿಡಿದು ಬೊಂಬೆಯಂತೆ ನಿಂತೆ. ಅವರು ಸುತ್ತು ಹಾಕಿದರು, ಕೂತರು, ಎದ್ದರು. ಥಟ್ಟನೆ ಕೆಳಗಿನ ಅರ್ಧವನ್ನು ಒಳಗೆ ಮಡಚಿ ಹೆಗಲತನಕ ಏರಿಸಿದರು. ಸೊಂಟದ ಕೆಳಗೆ ಸರಿಯಾಗಿ ನಿಂತಿತು.

"ಒಳಗಿನ ಅಸ್ತರಾನೂ ಬ್ಯಾಡ ಮಾವಾರ. ತನಗ ತಾನ ಅಸ್ತರು."

ಮುಂದಿನದು ಬರೀ ಸೂಜಿಯ ಸೋಜಿಗ. ಹಳೆಯ ಕೊರಳಪಟ್ಟಿ ಮೊದಲಿದ್ದಲ್ಲೇ ಕೂತಿತು, ಅಗಲ ತೋಳುಗಳೂ ಒಳಗೆ ಮಡಚಿಕೊಂಡವು. ದಾರ ಹರಿಯುವುದು ಹಲ್ಲಿನ ಪಾಲಿಗೆ ಬಂತು. ಯಮನಪ್ಪನವರಿಗೆ ಹಲ್ಲಿಲ್ಲದ್ದರಿಂದ ಮೇಲ್ವಿಚಾರಣೆ ಅವರದು. "ಗರಿಗೆ ಗರಿ ಕೂಡ್ಸು, ಆ ಜಪಾನದಾಂವ ನೋಡಿದ್ರ ನಗಬಾರ್ದು," ಎನ್ನುತ್ತಲೇ ಇದ್ದರು. ದೀಪ ಹಚ್ಚುವ ಹೊತ್ತಿಗೆ ಜಾಕೀಟು ಮೊಳೆಗೆ ತೂಗುತ್ತಿತ್ತು. ನಮ್ಮ ಮನೆಯಲ್ಲಿ ಆ ದಿನ ಹೋಳಿಗೆ ಆಗಲೇ ಇಲ್ಲ.

ಸೋಮವಾರ ಬೆಳಗ್ಗೆ ಸ್ನೇಹಾ ತೊಟ್ಟುಕೊಂಡಳು.

"ಕೈ ಎತ್ತು. ಎಲ್ಲೆರೆ ಜಗ್ಗತೈತೇನ?"

"ಇಲ್ರೀ."

"ಬಗ್ಗು. ಖರೆ ಹೇಳು."

"ಖರೇನ ಅಕ್ಕಾರ, ಹಾಕ್ಕೊಂಡಂಗ ಅನಸವಲ್ದು. ಮುಂದ ಉದ್ದ ಬೇಕನಿಸಿದ್ರ?"

"ದಾರ ಜಗ್ಗು. ನಿನ್ನ ಜಪಾನ ಒಳಗ ಮಡಚಿ ಇಟ್ಟೇನಿ."

ಹೊಲಿದು ಕೊಟ್ಟ ಬಟ್ಟೆಯ ಹಿಂದೆ ದಾನಮ್ಮ ಎಂದೂ ಹೋದವರಲ್ಲ. ಅಂದು ಬಸ್‌ಸ್ಟ್ಯಾಂಡಿಗೆ ಹೊರಟರು, ಅದೂ ಬಜಾರ ಸುತ್ತಿಕೊಂಡು. ದುಂಡೇಶ ಕೊರಳಿಗೆ ಟೇಪು ಹಾಕಿಕೊಂಡು ಹೊಸ್ತಿಲಿಗೆ ಬಂದ. ಸ್ನೇಹಾಳ ಭುಜ ನೋಡಿದ. ಹೊಲಿಗೆ ಹುಡುಕಿದ. ಇನ್ನೊಂದು ಭುಜ ನೋಡಿದ.

"ಯಾರ ಹೊಲದಾರ್ರೀ ಇದನ್ನ?"

"ನಾ," ಎಂದರು ದಾನಮ್ಮ, ನಡೆಯುವುದನ್ನು ನಿಲ್ಲಿಸದೆ.

ಮುಧೋಳದ ಬಸ್ಸು ಅರ್ಧ ಖಾಲಿಯಿತ್ತು. ಸ್ನೇಹಾ ಕೂಡಲು ಹೋದಳು. ದಾನಮ್ಮ ಕಿಟಕಿ ಬಡಿದರು.

"ಸೀಟಿಗೆ ಒರಗಬ್ಯಾಡವಾ, ಸುಕ್ಕ ಬೀಳತೈತಿ. ಮುಂದ ಮಹಾಲಿಂಗಪುರದಾಗ ಭಾಳ ಮಂದಿ ಹತ್ತತಾರ. ನಿಂತ್ರ ಎಲ್ಲಾರಿಗೂ ಕಾಣತೈತಿ."

ಇಪ್ಪತ್ತೈದು ಸೀಟು ಖಾಲಿ ಇದ್ದ ಬಸ್ಸಿನಲ್ಲಿ ಸ್ನೇಹಾ ಕಂಬಿ ಹಿಡಿದು ನಿಂತೇ ಹೋದಳು.